ಕುದುರೆಗೆ ಕಣ್ಣೀರು, ಕೊಲೆಗಾರನಿಗೆ ಬಿಗಿಹಿಡಿದ ಉಸಿರು

ಕಾದಂಬರಿಯಲ್ಲಿ ಬರುವ ಹಿಂಸೆ ಓದುಗರ ಮನಸ್ಸನ್ನು ಹೇಗೆ ತಟ್ಟುತ್ತದೆ ಎಂಬ ವಿಷಯ ಕೊಟ್ಟು ಮಾತನಾಡಲು ಕರೆದಾಗ, ಹತ್ತಾರು ಕೃತಿಗಳಿಂದ ಒಂದೊಂದು ಉದಾಹರಣೆ ಹೆಕ್ಕಿ ಹೇಳುವುದಕ್ಕಿಂತ ಒಂದೇ ಕೃತಿಯ ಎರಡು ದೃಶ್ಯಗಳ ಮುಂದೆ ಸಾವಧಾನವಾಗಿ ನಿಲ್ಲುವುದು ಮೇಲೆಂದು ನನಗೆ ತೋರಿತು. ಆ ಕೃತಿ ರಷ್ಯನ್ ಕಾದಂಬರಿಕಾರ ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’. 1866ರಲ್ಲಿ ‘ರೂಸ್ಕಿ ವೆಸ್ತ್ನಿಕ್’ ಎಂಬ ಪತ್ರಿಕೆಯಲ್ಲಿ ಕಂತುಗಳಾಗಿ ಬಂದ ಈ ಕಾದಂಬರಿಯ ಮೊದಲ ಭಾಗದ ಐದನೆಯ ಅಧ್ಯಾಯದಲ್ಲಿ ಒಂದು ಬಡಕಲು ಹೆಣ್ಣುಕುದುರೆಯನ್ನು ಹೊಡೆದು ಸಾಯಿಸುತ್ತಾರೆ. ಏಳನೆಯ ಅಧ್ಯಾಯದಲ್ಲಿ ಇಬ್ಬರು ಹೆಂಗಸರ ಕೊಲೆಯಾಗುತ್ತದೆ. ಮೊದಲನೆಯದು ಕನಸು, ಎರಡನೆಯದು ಕಥೆಯೊಳಗಿನ ನಿಜ. ಹಾಗಿದ್ದರೂ ಈ ಕಾದಂಬರಿಯನ್ನು ಓದಿದವರನ್ನು ಕೇಳಿ ನೋಡಿದರೆ, ಅಳು ಬಂದದ್ದು ಕುದುರೆಯ ಪ್ರಸಂಗದಲ್ಲಿ ಎಂದೇ ಹೆಚ್ಚಿನವರು ಹೇಳುತ್ತಾರೆ. ಹೆಂಗಸರ ಕೊಲೆಯನ್ನು ಓದುವಾಗ ಏನಾಯಿತು ಎಂದು ಕೇಳಿದರೆ, ಸ್ವಲ್ಪ ತಡೆದು, ಉಸಿರು ಬಿಗಿಹಿಡಿದು ಓದಿದೆವು ಎನ್ನುತ್ತಾರೆ. ಆ ಉಸಿರನ್ನು ಬಿಗಿಹಿಡಿದದ್ದು ಯಾರಿಗಾಗಿ ಎಂಬ ಪ್ರಶ್ನೆಯೇ ಈ ಉಪನ್ಯಾಸದ ವಿಷಯ.

ಮೊದಲು ಕುದುರೆಯ ಪ್ರಸಂಗವನ್ನು ನೆನಪಿಗೆ ತಂದುಕೊಳ್ಳೋಣ. ವಿದ್ಯಾಭ್ಯಾಸ ಬಿಟ್ಟು ಬಡತನದಲ್ಲಿ ಕೊಳೆಯುತ್ತಿರುವ ರಸ್ಕೋಲ್ನಿಕೋವ್ ಗಿರವಿ ಹಿಡಿಯುವ ಮುದುಕಿಯೊಬ್ಬಳನ್ನು ಕೊಲ್ಲುವ ಆಲೋಚನೆಯನ್ನು ತಲೆಯಲ್ಲಿ ಹೊತ್ತು ಪೀಟರ್ಸ್‌ಬರ್ಗಿನ ಬೀದಿಗಳಲ್ಲಿ ಅಲೆದು, ಬಹುಕಾಲದ ಮೇಲೆ ಒಂದಿಷ್ಟು ವೋಡ್ಕಾ ಕುಡಿದು, ಪೊದೆಯ ಬದಿಯ ಹುಲ್ಲಿನ ಮೇಲೆ ನಿದ್ದೆಹೋಗುತ್ತಾನೆ. ಕನಸಿನಲ್ಲಿ ಅವನು ಏಳು ವರ್ಷದ ಹುಡುಗ. ಹಬ್ಬದ ಸಂಜೆ ಅಪ್ಪನ ಕೈಹಿಡಿದು, ಅಜ್ಜಿಯೂ ಆರು ತಿಂಗಳ ಕೂಸಾಗಿದ್ದಾಗಲೇ ತೀರಿಕೊಂಡ ತಮ್ಮನೂ ಮಣ್ಣಾಗಿರುವ ಸ್ಮಶಾನದ ಕಡೆಗೆ ಹೊರಟಿದ್ದಾನೆ. ದಾರಿಯಲ್ಲಿ ಪಡಖಾನೆ. ಅದರ ಮುಂದೆ ಭಾರದ ಸಾಮಾನು ಸಾಗಿಸುವ ದೊಡ್ಡ ಬಂಡಿ. ಆ ಬಂಡಿಗೆ ಕಟ್ಟಿರುವುದು ಮಾತ್ರ ರೈತರ ಮನೆಯ ಸಣಕಲು ಹೆಣ್ಣುಕುದುರೆ. ಬಂಡಿಯ ಒಡೆಯ ಮಿಕೋಲ್ಕಾ, ದಪ್ಪ ಕತ್ತಿನ, ಗಜ್ಜರಿಯಂತೆ ಮುಖ ಕೆಂಪೇರಿದ ತರುಣ, ಎಲ್ಲರೂ ಹತ್ತಿ, ನಾಗಾಲೋಟದಲ್ಲಿ ಕರೆದೊಯ್ಯುತ್ತೇನೆ ಎಂದು ಕೂಗುತ್ತಾನೆ. ಜನ ನಗುತ್ತ ಹತ್ತುತ್ತಾರೆ. ಕೆಂಪು ಬಟ್ಟೆಯುಟ್ಟ ದಢೂತಿ ಹೆಂಗಸೊಬ್ಬಳನ್ನೂ ಹತ್ತಿಸಿಕೊಳ್ಳುತ್ತಾರೆ. ಅವಳು ಬೀಜಗಳನ್ನು ಒಡೆದು ತಿನ್ನುತ್ತ ನಗುತ್ತಿರುತ್ತಾಳೆ. ಕುದುರೆಗೆ ಒಂದು ಹೆಜ್ಜೆಯನ್ನೂ ಸರಿಯಾಗಿ ಇಡಲಾಗುವುದಿಲ್ಲ. ಚಾವಟಿಗಳು ಬೀಳುತ್ತವೆ, ಮುಖಕ್ಕೆ ಹೊಡೆಯಿರಿ, ಕಣ್ಣಿಗೆ ಹೊಡೆಯಿರಿ ಎಂದು ಮಿಕೋಲ್ಕಾ ಅರಚುತ್ತಾನೆ. ತಾಳಲಾರದೆ ಆ ಬಡಕಲು ಪ್ರಾಣಿ ಹಿಂಗಾಲು ಝಾಡಿಸಿದಾಗ ಜನರ ನಗು ಇನ್ನೂ ಜೋರಾಗುತ್ತದೆ. ಚಾವಟಿ ಸಾಲದೆ ಬಂಡಿಯ ಮೂಕಿಮರ, ಮೂಕಿಮರ ಸಾಲದೆ ಕಬ್ಬಿಣದ ಹಾರೆ.

ಇಡೀ ಪ್ರಸಂಗದಲ್ಲಿ ಮಿಕೋಲ್ಕಾ ಹಿಡಿದುಕೊಂಡಿರುವ ವಾದ ಒಂದೇ: ಇದು ನನ್ನ ಸ್ವತ್ತು. ನಿನಗೆ ದೇವರ ಭಯ ಇಲ್ಲವೇ ಎಂಬ ಅರ್ಥದಲ್ಲಿ ಮುದುಕನೊಬ್ಬ ಗದರುತ್ತಾನೆ. ಗುಂಪಿನಲ್ಲಿ ಮತ್ತೂ ಕೆಲವರು ಆಕ್ಷೇಪಿಸುತ್ತಾರೆ. ಆದರೆ ಯಾರೊಬ್ಬರೂ ಮುಂದೆ ಬಂದು ಅವನ ಕೈ ಹಿಡಿಯುವುದಿಲ್ಲ. ಹುಡುಗ ಮಾತ್ರ ಕುದುರೆಯ ಪಕ್ಕದಲ್ಲಿ ಓಡುತ್ತಾನೆ, ಒಂದು ಚಾವಟಿಯ ಏಟು ತನ್ನ ಮುಖಕ್ಕೇ ಬಿದ್ದರೂ ಅವನಿಗೆ ತಿಳಿಯುವುದಿಲ್ಲ. ಸತ್ತ ಕುದುರೆಯ ರಕ್ತ ಹತ್ತಿದ ಮೂತಿಯನ್ನು ತಬ್ಬಿ, ಕಣ್ಣಿಗೂ ತುಟಿಗೂ ಮುತ್ತಿಟ್ಟು, ಆಮೇಲೆ ಎದ್ದು ತನ್ನ ಪುಟ್ಟ ಮುಷ್ಟಿಗಳನ್ನು ಬಿಗಿದು ಮಿಕೋಲ್ಕಾನ ಮೇಲೆ ಎರಗುತ್ತಾನೆ. ಅಪ್ಪ ಅವನನ್ನು ಎತ್ತಿಕೊಂಡು, ಕುಡಿದಿದ್ದಾರೆ, ಏನೋ ಚೇಷ್ಟೆ ಮಾಡುತ್ತಿದ್ದಾರೆ, ನಮಗೆ ಸಂಬಂಧಿಸಿದ್ದಲ್ಲ, ಬಾ ಹೋಗೋಣ ಎನ್ನುತ್ತಾನೆ.

ಈ ಪುಟಗಳನ್ನು ಓದುವಾಗ ನಾವೆಲ್ಲರೂ ಹುಡುಗನ ಪಕ್ಷ. ಅದರಲ್ಲಿ ಅನುಮಾನವೇ ಇಲ್ಲ, ಏಕೆಂದರೆ ಕಥೆ ನಮ್ಮನ್ನು ಅವನ ಕಣ್ಣುಗಳ ಹಿಂದೆ ಕೂರಿಸಿದೆ. ಆದರೆ ಹುಡುಗನಿಗೂ ನಮಗೂ ಒಂದು ವ್ಯತ್ಯಾಸವಿದೆ. ಅವನು ಓಡಿ ಹೋಗುತ್ತಾನೆ. ನಾವು ಕುಳಿತು ಪುಟ ಮಗುಚುತ್ತೇವೆ. ಇರುವ ನೆಲೆಯನ್ನು ಪ್ರಾಮಾಣಿಕವಾಗಿ ಗುರುತಿಸುವುದಾದರೆ ನಮ್ಮ ಜಾಗ ಆ ಅಪ್ಪನ ಜಾಗ, ಅಥವಾ ತಲೆಯಾಡಿಸುತ್ತ ನಿಂತ ಬಿಳಿಗಡ್ಡದ ಮುದುಕನ ಜಾಗ. ಬೀಜ ತಿನ್ನುವ ಹೆಂಗಸನ್ನು ಲೇಖಕ ಅಲ್ಲಿ ಕೂರಿಸಿದ್ದು ಬರಿಯ ವರ್ಣನೆಗಾಗಿ ಎಂದು ನಾನು ನಂಬುವುದಿಲ್ಲ. ಹಿಂಸೆಯನ್ನು ನೋಡುವುದು ಒಂದು ಬಗೆಯ ತಿನಿಸು ಎಂಬುದನ್ನು ಅವಳು ಬಾಯಿ ಬಿಡದೆ ಹೇಳುತ್ತಾಳೆ, ಮತ್ತು ಆ ಪುಟಗಳನ್ನು ಎರಡನೆಯ ಸಲ ಹುಡುಕಿಕೊಂಡು ಹೋಗಿ ಓದುವವರಿಗೆ ಅವಳ ಇರವು ಸ್ವಲ್ಪ ಇರುಸುಮುರುಸು ತಂದರೆ ಅದು ಸಹಜವೇ.

ಈ ಚಿತ್ರ ದಾಸ್ತೊಯೆವ್‌ಸ್ಕಿಗೆ ಎಲ್ಲಿಂದ ಬಂತು? ಒಂದು ಮೂಲ ಕವಿತೆ. ನೆಕ್ರಾಸೊವ್ 1859ರಲ್ಲಿ ಬರೆದ ‘ಹವಾಮಾನದ ಬಗ್ಗೆ’ ಎಂಬ ಕವನದಲ್ಲಿ ಗಾಡಿಯವನೊಬ್ಬ ತನ್ನ ಕುದುರೆಯನ್ನು, ಅಳುತ್ತಿರುವ ಅದರ ಸಾಧು ಕಣ್ಣುಗಳ ಮೇಲೆಯೇ ಹೊಡೆಯುವ ಸಾಲು ಬರುತ್ತದೆ. ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ಇವಾನ್ ಈ ಸಾಲನ್ನು ಹೆಸರಿಟ್ಟೇ ನೆನೆಯುತ್ತಾನೆ. ಇನ್ನೊಂದು ಮೂಲ ಸ್ವಂತ ನೆನಪು. 1876ರ ಜನವರಿಯ ‘ಲೇಖಕನ ದಿನಚರಿ’ಯಲ್ಲಿ, ಪ್ರಾಣಿದಯಾ ಸಂಘದ ಹತ್ತನೆಯ ವಾರ್ಷಿಕದ ಸಂದರ್ಭ ಹಿಡಿದು, ಅವನು ಇದನ್ನು ಬರೆಯುತ್ತಾನೆ. 1837ರಲ್ಲಿ, ಹದಿನೈದರ ಹುಡುಗ, ಅಣ್ಣನ ಜೊತೆ ಪೀಟರ್ಸ್‌ಬರ್ಗಿಗೆ ಓದಲು ಹೋಗುತ್ತಿದ್ದಾಗ, ದಾರಿಯ ಒಂದು ಅಂಚೆ ನಿಲ್ದಾಣದಲ್ಲಿ ಸರ್ಕಾರಿ ಅಂಚೆಯ ಅಧಿಕಾರಿಯೊಬ್ಬ ಮೂರು ಕುದುರೆಗಳ ಗಾಡಿ ಹತ್ತಿ, ಏನೂ ಮಾತನಾಡದೆ ಗಾಡಿಯವನ ತಲೆಯ ಹಿಂಭಾಗಕ್ಕೆ ಮುಷ್ಟಿಯಿಂದ ಗುದ್ದಿದ. ಗಾಡಿಯವನು ಆ ಗುದ್ದಿನ ರಭಸಕ್ಕೇ ನಡುವಿನ ಕುದುರೆಗೆ ಬಾರಿಸಿದ. ಹೀಗೆ ಗುದ್ದು, ಚಾವಟಿ, ಗುದ್ದು, ಚಾವಟಿ ಎಂದು ಗಾಡಿ ಕಣ್ಮರೆಯಾಗುವವರೆಗೂ ನಡೆಯಿತು. ಈ ಗಾಡಿಯವನು ಊರಿಗೆ ಮರಳಿದ ದಿನವೇ ತನ್ನ ಹೆಂಡತಿಯನ್ನು ಹೊಡೆದಿರಬಹುದು ಎಂದು ದಾಸ್ತೊಯೆವ್‌ಸ್ಕಿ ಸೇರಿಸುತ್ತಾನೆ. ನೆನಪಿನಲ್ಲಿ ಪೆಟ್ಟುಗಳು ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಕಾದಂಬರಿಯಲ್ಲಿ ಅವನು ಮೇಲಿನ ಮೆಟ್ಟಿಲುಗಳನ್ನು ಕತ್ತರಿಸಿಹಾಕಿದ್ದಾನೆ. ಮಿಕೋಲ್ಕಾನನ್ನು ಯಾರೂ ಹೊಡೆದಿಲ್ಲ, ಅವನಿಗೆ ಯಾವ ಕಾರಣವೂ ಇಲ್ಲ, ಬರಿಯ ಹಬ್ಬದ ಉತ್ಸಾಹ. ಕಾರಣ ಕಿತ್ತುಕೊಂಡದ್ದರಿಂದಲೇ ಈ ದೃಶ್ಯ ನಮ್ಮನ್ನು ಹೀಗೆ ಇರಿಯುತ್ತದೆ ಎಂದು ನನ್ನ ಎಣಿಕೆ. ಕಾರಣ ಸಿಕ್ಕಿದ್ದರೆ ನಾವು ಯೋಚಿಸಲು ತೊಡಗುತ್ತಿದ್ದೆವು, ಯೋಚನೆಯಲ್ಲಿ ನೋವು ಸ್ವಲ್ಪ ಆರುತ್ತಿತ್ತು.

ಇಲ್ಲಿ ನಮ್ಮ ಕಾವ್ಯಮೀಮಾಂಸೆಯ ಕಡೆಗೆ ತಿರುಗಬೇಕೆನಿಸುತ್ತದೆ. ರಷ್ಯನ್ ಕಾದಂಬರಿಯ ಮೇಲೆ ರಸಸೂತ್ರವನ್ನು ಹೇರುವ ಉದ್ದೇಶ ನನಗಿಲ್ಲ, ಆದರೆ ಪ್ರಾಣಿಯ ಭಯವನ್ನು ನೋಡುವ ನೋಟದ ಬಗ್ಗೆ ಅಲ್ಲಿ ಒಂದು ಅಪರೂಪದ ಚರ್ಚೆಯಿದೆ. ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ರಸಾನುಭವವನ್ನು ವಿವರಿಸಲು ಶಾಕುಂತಲದ ಮೊದಲ ಅಂಕದ ‘ಗ್ರೀವಾಭಂಗಾಭಿರಾಮಂ’ ಎಂಬ ಪದ್ಯವನ್ನು ಎತ್ತಿಕೊಳ್ಳುತ್ತಾನೆ. ದುಷ್ಯಂತನ ರಥದ ಮುಂದೆ ಜಿಂಕೆ ಓಡುತ್ತಿದೆ, ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತಿದೆ, ಬಾಣ ಬೀಳುವ ಭಯದಿಂದ ಹಿಂಭಾಗವನ್ನು ಮುಂಭಾಗದೊಳಗೆ ಸೆಳೆದುಕೊಳ್ಳುತ್ತಿದೆ, ದಣಿದು ತೆರೆದ ಬಾಯಿಂದ ಅರ್ಧ ಅಗಿದ ದರ್ಭೆ ದಾರಿಯುದ್ದಕ್ಕೂ ಉದುರುತ್ತಿದೆ. ಇದನ್ನು ಕೇಳಿದ ಸಹೃದಯನಿಗೆ ಹುಟ್ಟುವ ಭಯ ‘ನನಗೆ ಭಯ’ ಎಂಬುದಲ್ಲ, ‘ಆ ಜಿಂಕೆಗೆ ಭಯ’ ಎಂಬುದೂ ಅಲ್ಲ. ದೇಶಕಾಲಗಳ ಕಟ್ಟು ಕಳಚಿದ ಭಯವೇ ನೇರವಾಗಿ ಹೃದಯವನ್ನು ಹೊಕ್ಕು ಕಣ್ಣೆದುರು ಸುಳಿಯುತ್ತದೆ ಎನ್ನುತ್ತಾನೆ ಅಭಿನವಗುಪ್ತ. ಸಾಧಾರಣೀಕರಣವೆಂದು ನಾವು ತರಗತಿಗಳಲ್ಲಿ ಉರುಹಚ್ಚುವ ಮಾತಿನ ಜೀವಂತ ಉದಾಹರಣೆ ಇದು.

ಆದರೆ ಈ ಪದ್ಯವನ್ನು ನಾಟಕದಲ್ಲಿ ಹೇಳುವವನು ಯಾರು? ಬಿಲ್ಲು ಹಿಡಿದು ಬೆನ್ನಟ್ಟುತ್ತಿರುವ ದುಷ್ಯಂತನೇ. ಆ ಭಯದ ಚೆಲುವನ್ನು ಕಂಡವನು ಬೇಟೆಗಾರ. ಅವನ ಜೊತೆ ರಥದಲ್ಲಿ ಕುಳಿತೇ ನಾವೂ ಅದನ್ನು ನೋಡುತ್ತೇವೆ. ಅದೃಷ್ಟವಶಾತ್ ಒಂದೆರಡು ಗಳಿಗೆಯಲ್ಲಿ ತಪಸ್ವಿಗಳು ಅಡ್ಡ ಬಂದು, ಇದು ಆಶ್ರಮದ ಜಿಂಕೆ, ಕೊಲ್ಲಬಾರದು, ಕೊಲ್ಲಬಾರದು ಎನ್ನುತ್ತಾರೆ. ದೊರೆ ಬಾಣವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ನಮ್ಮ ಭಯವೂ ನೆಮ್ಮದಿಯಾಗಿ ರಸವಾಗಿ ಉಳಿಯುತ್ತದೆ. ಪಡಖಾನೆಯ ಮುಂದೆ ಅಂಥ ತಪಸ್ವಿಗಳಿಲ್ಲ. ಮುದುಕನ ಗದರಿಕೆಗೆ ಯಾರೂ ಕಿವಿಗೊಡುವುದಿಲ್ಲ. ರಸಕ್ಕೆ ಬೇಕಾದ ವಿಶ್ರಾಂತಿಯನ್ನು ಈ ದೃಶ್ಯ ಬೇಕೆಂದೇ ನಮಗೆ ಕೊಡುವುದಿಲ್ಲ. ದಮ್ಮಡಿಯ ಸದ್ದು, ಅಸಭ್ಯ ಹಾಡು, ಗಜ್ಜರಿ ಬಣ್ಣದ ಮುಖ ಇವೆಲ್ಲ ಆ ಭಯವನ್ನು ಎಲ್ಲೋ ತೇಲಿಹೋಗಲು ಬಿಡದೆ ಒಂದು ನಿರ್ದಿಷ್ಟ ಊರಿನ ನಿರ್ದಿಷ್ಟ ಸಂಜೆಗೆ ಮೊಳೆ ಹೊಡೆದು ಕೂರಿಸುತ್ತವೆ. ಹಾಗಾಗಿ ಇದನ್ನು ಕರುಣರಸವೆಂದು ಕರೆದು ಮುಗಿಸಲು ನನಗೆ ಮನಸ್ಸಾಗುವುದಿಲ್ಲ. ಇಲ್ಲಿ ಹುಟ್ಟುವುದು ಶೋಕವೇ, ಆದರೆ ತೃಪ್ತಿ ಕೊಡದ ಶೋಕ.

ಈಗ ಕನಸಿನ ನಂತರ ಏನಾಯಿತು ನೋಡಿ. ಬೆವರಿನಲ್ಲಿ ತೊಯ್ದು ಎದ್ದ ರಸ್ಕೋಲ್ನಿಕೋವ್, ನಿಜವಾಗಿಯೂ ನಾನು ಕೊಡಲಿ ಎತ್ತಿ ಒಬ್ಬಳ ತಲೆಯ ಮೇಲೆ ಹೊಡೆಯುತ್ತೇನೆಯೇ, ಅಂಟಂಟಾದ ಬೆಚ್ಚಗಿನ ರಕ್ತದಲ್ಲಿ ಜಾರುತ್ತೇನೆಯೇ ಎಂದು ನಡುಗುತ್ತಾನೆ. ಆ ಯೋಚನೆಯನ್ನು ತ್ಯಜಿಸುತ್ತಾನೆ. ಸೇತುವೆಯ ಮೇಲೆ ನಿಂತು ನೆವಾ ನದಿಯನ್ನೂ ಮುಳುಗುವ ಸೂರ್ಯನನ್ನೂ ನೋಡುವಾಗ ತಿಂಗಳಿಂದ ಕಾಡಿದ ಹುಣ್ಣು ಒಡೆದು ಹಗುರಾದಂತೆ ಅವನಿಗೆ ಅನ್ನಿಸುತ್ತದೆ. ಆದರೆ ಅದೇ ರಾತ್ರಿ, ಒಂಬತ್ತರ ಸುಮಾರಿಗೆ, ಹುಲ್ಲುಪೇಟೆಯ ಚೌಕದಲ್ಲಿ ಹಾದುಹೋಗುವಾಗ, ಮುದುಕಿಯ ತಂಗಿ ಲಿಜವೆಟಾ ಮರುದಿನ ಸಂಜೆ ಏಳಕ್ಕೆ ಮನೆಯಲ್ಲಿರುವುದಿಲ್ಲ ಎಂಬ ಮಾತು ಕಿವಿಗೆ ಬೀಳುತ್ತದೆ. ಅಲ್ಲಿಗೆ ಎಲ್ಲ ತೀರ್ಮಾನವಾಗಿಹೋಗುತ್ತದೆ. ಸತ್ತ ಕುದುರೆಯ ಮೂತಿಗೆ ಮುತ್ತಿಟ್ಟ ಅಂತಃಕರಣ ಒಂದು ರಾತ್ರಿಯೂ ಬಾಳಲಿಲ್ಲ.

ನಾವು ಮರುಕಪಟ್ಟಷ್ಟೂ ಒಳ್ಳೆಯವರು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಸಾಹಿತ್ಯ ಓದಿದರೆ ಹೃದಯ ಮೃದುವಾಗುತ್ತದೆ ಎಂದು ವೇದಿಕೆಗಳಲ್ಲಿ ಹೇಳದ ಮೇಷ್ಟರುಗಳು ಕಡಿಮೆ, ನಾನೂ ಆ ಜಾತಿಗೆ ಸೇರಿದವನೇ. ದಾಸ್ತೊಯೆವ್‌ಸ್ಕಿ ಆ ನಂಬಿಕೆಯ ಬುಡಕ್ಕೇ ಕೈಹಾಕುತ್ತಾನೆ. ಕುದುರೆಗಾಗಿ ಅತ್ತವನೇ ಕೊಡಲಿ ಎತ್ತುತ್ತಾನೆ. ಇಷ್ಟಕ್ಕೂ ಕನಸಿನಲ್ಲಿ, ಕೊಡಲಿಯಿಂದ ಹೊಡೆದು ಒಂದೇ ಸಲಕ್ಕೆ ಮುಗಿಸು ಎಂದು ಗುಂಪಿನಿಂದ ಯಾರೋ ಕೂಗಿರುತ್ತಾರೆ. ಕನಸು ಕಾಣುತ್ತಿರುವವನ ತಲೆಯಿಂದಲ್ಲದೆ ಆ ಕೊಡಲಿ ಇನ್ನೆಲ್ಲಿಂದ ಬಂದೀತು? ಹುಡುಗನೂ ಅವನೇ, ಮಿಕೋಲ್ಕಾನೂ ಅವನೇ, ಕೂಗಿದವನೂ ಅವನೇ.

ಏಳನೆಯ ಅಧ್ಯಾಯಕ್ಕೆ ಬಂದಾಗ ಬರವಣಿಗೆಯ ರೀತಿಯೇ ಬದಲಾಗುತ್ತದೆ. ಕನಸಿನಲ್ಲಿ ಕೂಗು, ನಗು, ಹಾಡು ತುಂಬಿತ್ತು. ಇಲ್ಲಿ ವಸ್ತುಗಳೇ ತುಂಬಿವೆ. ಗಂಟು ಬಿಚ್ಚಲಾಗದಂತೆ ಕಟ್ಟಿದ ಗಿರವಿಯ ಪೊಟ್ಟಣ, ಬೆಳಕಿಗೆ ಹಿಡಿದು ಗಂಟು ಬಿಚ್ಚಲು ಬೆನ್ನು ತಿರುಗಿಸಿದ ಮುದುಕಿ ಅಲ್ಯೋನಾ ಇವಾನೋವ್ನಾ, ಎಣ್ಣೆ ಮೆತ್ತಿ ಇಲಿಬಾಲದಂತೆ ಹೆಣೆದ ಅವಳ ಜಡೆ, ಅದಕ್ಕೆ ಸಿಕ್ಕಿಸಿದ ಮುರುಕು ಬಾಚಣಿಗೆ. ಕೊಡಲಿಯ ಮೊಂಡು ಹಿಂಬದಿಯ ಏಟು ನೆತ್ತಿಗೆ ಬೀಳುತ್ತದೆ. ಮಗುಚಿದ ಲೋಟದಿಂದ ಹರಿದಂತೆ ರಕ್ತ ಹರಿಯಿತು ಎನ್ನುತ್ತಾನೆ ಲೇಖಕ. ಮುದುಕಿಯ ಬಗ್ಗೆ ನಮಗೆ ಮೊದಲೇ ಅಸಹ್ಯ ಹುಟ್ಟಿಸಲಾಗಿದೆ. ಆ ಎಣ್ಣೆಜಡೆ ಜುಗುಪ್ಸೆಯ ವಿಭಾವವಾಗಿ, ಎಂದರೆ ಆ ಭಾವವನ್ನು ಎಬ್ಬಿಸುವ ಕಾರಣವಾಗಿ, ಕೆಲಸ ಮಾಡುತ್ತದೆ, ಸಾಯುವ ಗಳಿಗೆಯಲ್ಲಿಯೂ ನಮ್ಮ ಮರುಕ ಅವಳ ಹತ್ತಿರ ಸುಳಿಯದ ಹಾಗೆ ತಡೆಯುತ್ತದೆ. ಒಂದು ಮುದಿ ಕುದುರೆಗೆ ಸಿಕ್ಕ ಕಣ್ಣೀರು ಒಬ್ಬ ಮುದಿ ಹೆಂಗಸಿಗೆ ಸಿಗುವುದಿಲ್ಲ.

ಲಿಜವೆಟಾಳಿಗಾದರೂ ಸಿಗಬೇಕಾಗಿತ್ತು. ಅವಳು ಯಾರಿಗೂ ಕೇಡು ಬಯಸಿದವಳಲ್ಲ. ಎತ್ತರದ, ಒಡ್ಡೊಡ್ಡಾದ, ಅಂಜುಬುರುಕಿ ಹೆಂಗಸು. ಅಕ್ಕನ ಕೈಕೆಳಗೆ ಹಗಲಿರುಳು ದುಡಿದು ಏಟು ತಿನ್ನುವವಳು. ಕನಸಿನ ಕುದುರೆ ಮನುಷ್ಯರೂಪ ತಾಳಿದರೆ ಅದು ಇವಳೇ. ತೆರೆದಿದ್ದ ಬಾಗಿಲಿನಿಂದ ಕೈಯಲ್ಲೊಂದು ಗಂಟು ಹಿಡಿದು ಒಳಗೆ ಬಂದ ಅವಳು ಅಕ್ಕನ ಹೆಣವನ್ನು ನೋಡಿ ಕಲ್ಲಾಗಿ ನಿಲ್ಲುತ್ತಾಳೆ. ತನ್ನತ್ತ ಕೊಡಲಿ ಬರುತ್ತಿದ್ದರೂ ಮುಖವನ್ನು ಮುಚ್ಚಿಕೊಳ್ಳಲು ಕೈ ಎತ್ತುವುದಿಲ್ಲ. ಖಾಲಿಯಿದ್ದ ಎಡಗೈಯನ್ನು ಅವನನ್ನು ದೂರ ಇಡುವವಳಂತೆ ಸ್ವಲ್ಪ ಮುಂದಕ್ಕೆ ಚಾಚುತ್ತಾಳೆ, ಅಷ್ಟೇ. ಅವಳ ಮುಖ, ಹೆದರಿಸುವ ವಸ್ತುವನ್ನೇ ದಿಟ್ಟಿಸುತ್ತ ಇನ್ನೇನು ಅಳಲಿರುವ ಸಣ್ಣ ಮಕ್ಕಳ ಮುಖದಂತೆ ಇತ್ತು ಎಂದು ಬರೆದಿದೆ. ಈ ಸಲ ಕೊಡಲಿಯ ಹಿಂಬದಿಯಲ್ಲ, ಬಾಯಿಯೇ ಬೀಳುತ್ತದೆ.

ಇಡೀ ಕಾದಂಬರಿಯ ಅತಿ ಕ್ರೂರವಾದ ಕೆಲವು ವಾಕ್ಯಗಳಿವು ಎಂದು ನನ್ನ ಅಭಿಪ್ರಾಯ. ಆದರೂ ಮೊದಲ ಓದಿನಲ್ಲಿ ಇವುಗಳ ಮೇಲೆ ಕಣ್ಣು ನಿಲ್ಲುವುದಿಲ್ಲ, ಏಕೆಂದರೆ ಕೂಡಲೇ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳುತ್ತದೆ. ಯಾರೋ ಗಂಟೆ ಬಾರಿಸುತ್ತಾರೆ, ಬಾಗಿಲನ್ನು ಜಗ್ಗುತ್ತಾರೆ, ಒಳಗಿನ ಚಿಲಕದ ಕೊಂಡಿ ಕುಣಿಯುತ್ತದೆ. ಒಳಗೆ ಕೊಡಲಿ ಹಿಡಿದು ರಸ್ಕೋಲ್ನಿಕೋವ್ ನಿಂತಿದ್ದಾನೆ, ಅವನ ಪಕ್ಕದಲ್ಲಿ ನಾವೂ ನಿಂತಿದ್ದೇವೆ, ಆ ಕೊಂಡಿ ಕಳಚದಿರಲಿ ಎಂದು ಹಾರೈಸುತ್ತಿದ್ದೇವೆ. ಹೊರಗಿರುವವರು ಕೆಳಗಿಳಿದು ಹೋದಾಗ ಅವನ ಜೊತೆಗೆ ನಾವೂ ಉಸಿರು ಬಿಡುತ್ತೇವೆ. ಎರಡು ಹೆಣಗಳ ನಡುವೆ ನಿಂತು ನಾವು ಬಿಟ್ಟ ಆ ನಿಟ್ಟುಸಿರೇ ನನ್ನ ಮಟ್ಟಿಗೆ ಈ ಕಾದಂಬರಿ ಎಬ್ಬಿಸುವ ಅತಿ ಮುಖ್ಯವಾದ ಭಾವ. ಭಯ ಎಂಬುದು ಯಾರ ಕಣ್ಣಿನಿಂದ ನೋಡುತ್ತೇವೆಯೋ ಅವರ ಕಡೆಗೆ ವಾಲುತ್ತದೆ. ಅದಕ್ಕೆ ನ್ಯಾಯಾನ್ಯಾಯದ ಗೊಡವೆಯಿಲ್ಲ. ದುಷ್ಯಂತನ ರಥದಲ್ಲಿ ಕುಳಿತು ಜಿಂಕೆಯ ಕಡೆಗೆ ವಾಲಿದ ಮನಸ್ಸು ಇಲ್ಲಿ ಕೊಡಲಿ ಹಿಡಿದವನ ಕಡೆಗೆ ವಾಲಿರುವುದು ಬರವಣಿಗೆಯ ಕೈಚಳಕದಿಂದ ಎಂದು ಹೇಳಿ ಜಾರಿಕೊಳ್ಳಬಹುದು. ಆದರೆ ಕೈಚಳಕ ಕೆಲಸ ಮಾಡಿದ್ದು ನಮ್ಮಲ್ಲಿದ್ದ ಯಾವುದರ ಮೇಲೆ?

ಇದರಲ್ಲಿ ಒಂದು ಆಕ್ಷೇಪಣೆಗೆ ಎಡೆಯಿದೆ, ಅದನ್ನು ಮರೆಮಾಡಲಾರೆ. 1882ರಲ್ಲಿ, ಅಂದರೆ ಲೇಖಕ ತೀರಿಕೊಂಡ ಮರುವರ್ಷ, ವಿಮರ್ಶಕ ಮಿಖಾಯ್ಲೊವ್‌ಸ್ಕಿ ಅವನದು ಕ್ರೂರ ಪ್ರತಿಭೆ ಎಂದು ಬರೆದ. ಪಾತ್ರಗಳನ್ನೂ ಓದುಗರನ್ನೂ ಅಗತ್ಯಕ್ಕಿಂತ ಹೆಚ್ಚಾಗಿ ಹಿಂಸಿಸುವುದರಲ್ಲಿ ಅವನಿಗೆ ಸುಖವಿದೆ ಎಂಬುದು ಆರೋಪ. ಮೂಕಿಮರದ ಮೇಲೆ ಹಾರೆ, ಕಣ್ಣುಗಳ ಮೇಲೆ ಚಾವಟಿ ಎಂದು ಬೆಳೆಯುವ ಆ ದೃಶ್ಯವನ್ನು ಓದುವಾಗ ಈ ಮಾತನ್ನು ಪೂರ್ತಿ ತಳ್ಳಿಹಾಕುವುದು ನನಗೆ ಕಷ್ಟ. ಅಲ್ಲಿ ಲೇಖಕ ನಿಲ್ಲಿಸಬಹುದಾದ ಜಾಗ ದಾಟಿದ್ದಾನೆ ಎಂದು ನನಗೂ ಅನ್ನಿಸಿದ್ದುಂಟು. ಆದರೆ ಲಿಜವೆಟಾಳ ಸಾವಿನಲ್ಲಿ ಅವನು ಅಷ್ಟೇ ಬಿಗಿಯಾಗಿ ಕೈ ಹಿಡಿದಿದ್ದಾನೆ. ಸುಖಕ್ಕಾಗಿ ಬರೆಯುವವನು ಅಲ್ಲಿಯೂ ಲಂಬಿಸುತ್ತಿದ್ದ.

ಅಲ್ಲಿ ತಡೆಹಿಡಿದ ಮರುಕವನ್ನು ಕಾದಂಬರಿ ಮುಂದಿನ ಭಾಗಗಳಲ್ಲಿ ಸಾಲ ವಸೂಲಿ ಮಾಡುವಂತೆ ನಮ್ಮಿಂದ ಕೇಳಿ ಪಡೆಯುತ್ತದೆ. ಮೂರನೆಯ ಭಾಗದಲ್ಲಿ ರಸ್ಕೋಲ್ನಿಕೋವ್‌ಗೇ ಹೊಳೆಯುತ್ತದೆ: ಲಿಜವೆಟಾಳ ಬಗ್ಗೆ ನಾನೇಕೆ ಯೋಚಿಸುವುದೇ ಇಲ್ಲ, ಅವಳನ್ನು ಕೊಂದೇ ಇಲ್ಲವೆಂಬಂತೆ? ಅಷ್ಟು ಹೊತ್ತಿಗೆ ನಾವೂ ಅವಳನ್ನು ಮರೆತಿರುತ್ತೇವೆ. ಆಮೇಲೆ ತಿಳಿಯುತ್ತದೆ, ಮನೆಯವರ ಹೊಟ್ಟೆಗಾಗಿ ಮೈಮಾರುವ ಸೋನ್ಯಾ ಅವನಿಗೆ, ಸತ್ತು ಮರಳಿ ಎದ್ದ ಲಾಜರಸನ ಕಥೆ ಓದಿ ಹೇಳುವ ಬೈಬಲಿನ ಹೊಸ ಒಡಂಬಡಿಕೆಯ ಆ ಹಳೆಯ ಪ್ರತಿ ಲಿಜವೆಟಾ ತಂದುಕೊಟ್ಟದ್ದೆಂದು. ಅವನು ತಪ್ಪೊಪ್ಪಿಕೊಳ್ಳುವ ಗಳಿಗೆಯಲ್ಲಿ ಸೋನ್ಯಾಳ ಮುಖದಲ್ಲಿ ಅದೇ ಮಕ್ಕಳ ಹೆದರಿಕೆ, ಅದೇ ಮುಂದಕ್ಕೆ ಚಾಚಿದ ಕೈ ಮರುಕಳಿಸುತ್ತದೆ. ಏಳನೆಯ ಅಧ್ಯಾಯದಲ್ಲಿ ನಿಲ್ಲದೆ ಓಡಿಹೋಗಿದ್ದ ಓದುಗನ ಕಣ್ಣು ಈಗ ನಿಲ್ಲಲೇಬೇಕಾಗುತ್ತದೆ. ಕುದುರೆಯೂ ಮರಳಿ ಬರುತ್ತದೆ: ಸೋನ್ಯಾಳ ಕುಡುಕ ತಂದೆ ಮಾರ್ಮೆಲಾದೋವ್ ಗಾಡಿಯ ಕುದುರೆಗಳ ಕಾಲಡಿ ಸಿಕ್ಕಿ ಸಾಯುತ್ತಾನೆ, ಅವನ ಹೆಂಡತಿ ಕತೆರೀನಾ ಇವಾನೋವ್ನಾ ಕ್ಷಯದಿಂದ ರಕ್ತ ಕಾರಿ ಸಾಯುವಾಗ, ಬಡಕಲು ಕುದುರೆಯನ್ನು ಓಡಿಸಿ ಓಡಿಸಿ ಕೊಂದರು ಎಂದು ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಾಳೆ. ಮಾಡದ ಕೊಲೆಯನ್ನು ತಾನೇ ಮಾಡಿದೆನೆಂದು ಒಪ್ಪಿಕೊಳ್ಳುವ ಬಣ್ಣ ಬಳಿಯುವ ಹುಡುಗನ ಹೆಸರೂ ಮಿಕೋಲ್ಕಾ. ಇಲ್ಲ, ಇದು ಮಿಕೋಲ್ಕಾನ ಕೆಲಸವಲ್ಲ ಎಂದು ಕೊಲೆಯ ತನಿಖೆ ನಡೆಸುವ ಪೊರ್ಫಿರಿ ರಸ್ಕೋಲ್ನಿಕೋವ್‌ನ ಮುಖಕ್ಕೇ ಹೇಳುವಾಗ, ಕನಸನ್ನು ನೆನಪಿಟ್ಟುಕೊಂಡ ಓದುಗರಿಗೆ ಆ ಮಾತು ಇಬ್ಬರು ಮಿಕೋಲ್ಕಾರಿಗೂ ಅನ್ವಯಿಸುವಂತೆ ಕೇಳಿಸುತ್ತದೆ.

ಉಪಸಂಹಾರದ ಬಗ್ಗೆ ಒಂದು ಮಾತು. ಸೈಬೀರಿಯದ ಸೆರೆಯಲ್ಲಿ ಕಾಯಿಲೆ ಬಿದ್ದ ರಸ್ಕೋಲ್ನಿಕೋವ್ ಮತ್ತೊಂದು ಕನಸು ಕಾಣುತ್ತಾನೆ. ವಿಚಿತ್ರ ಸೋಂಕೊಂದು ತಗಲಿ ಇಡೀ ಲೋಕದ ಜನ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ, ಊರೂರುಗಳೇ ನಾಶವಾಗುತ್ತವೆ. ಅಲ್ಲಿ ಸಾಯುವವರಿಗೆ ಲೆಕ್ಕವಿಲ್ಲ. ಆದರೆ ಅದನ್ನು ಓದಿ ಅತ್ತವರನ್ನು ನಾನು ಕಂಡಿಲ್ಲ. ಮೊದಲ ಭಾಗದ ಆರನೆಯ ಅಧ್ಯಾಯದಲ್ಲಿ ವಿದ್ಯಾರ್ಥಿಯೊಬ್ಬ, ಒಂದು ಸಾವಿಗೆ ಬದಲಾಗಿ ನೂರು ಬದುಕು, ಇದು ಬರಿಯ ಅಂಕಗಣಿತ ಎಂದು ಮುದುಕಿಯ ಕೊಲೆಯನ್ನು ಸಮರ್ಥಿಸಿ ಹರಟಿರುತ್ತಾನೆ. ಓದುಗರ ಮನಸ್ಸಿಗೆ ಆ ಅಂಕಗಣಿತ ಬರುವುದಿಲ್ಲ. ಅದು ಒಂದು ಕುದುರೆಗೆ ಕರಗುತ್ತದೆ, ಲಕ್ಷಾಂತರ ಜನಕ್ಕೆ ಕರಗುವುದಿಲ್ಲ. ಇದು ನಮ್ಮ ಮರುಕದ ದೋಷವೂ ಹೌದು. ಕೊಲೆಗೆ ಲೆಕ್ಕ ಬರೆದುಕೊಡುವ ತರ್ಕಕ್ಕೆ ಎದುರಾಗಿ ನಿಲ್ಲುವ ಶಕ್ತಿ ಏನಾದರೂ ನಮ್ಮಲ್ಲಿದ್ದರೆ ಅದೂ ಇಲ್ಲಿಯೇ ಇದೆ.

ಉಪನ್ಯಾಸದ ನಂತರ ಶ್ರೋತೃಗಳಲ್ಲೊಬ್ಬರು, ಪ್ರಾಣಿಹಿಂಸೆಯನ್ನು ಓದಲಾರದವರು ಕನಸಿನ ಆ ಪುಟಗಳನ್ನು ಬಿಟ್ಟು ಮುಂದೆ ಹೋದರೆ ಕಾದಂಬರಿ ದಕ್ಕುತ್ತದೆಯೇ ಎಂದು ಕೇಳಿದರು. ಆ ಪುಟಗಳನ್ನು ಓದಲೇಬೇಕೆಂದು ಯಾರನ್ನೂ ಒತ್ತಾಯಿಸಲಾರೆ ಎಂದು ಅವರಿಗೆ ಉತ್ತರಿಸಿದೆ. ಸ್ವಂತ ದುಃಖದಲ್ಲಿ ಮುಳುಗಿದವರಿಗೆ ಎದುರಿನ ಕಾವ್ಯ ಕಾಣದೆಂಬುದನ್ನು ಅಭಿನವಗುಪ್ತನೂ ರಸವಿಘ್ನಗಳಲ್ಲಿ ಒಂದೆಂದು ಎಣಿಸಿದ್ದಾನೆ. ಆದರೆ ಹಾಗೆ ಬಿಟ್ಟುಹೋಗುವವರು ಏಳನೆಯ ಅಧ್ಯಾಯದಲ್ಲಿ ಲಿಜವೆಟಾ ಒಳಗೆ ಬರುವ ಭಾಗವನ್ನು, ಮುಂದೆ ಗಂಟೆಯ ಸದ್ದು ಕೇಳುವುದಕ್ಕೆ ಮೊದಲು, ಪುಸ್ತಕ ಮುಚ್ಚಿಟ್ಟು ಇನ್ನೊಂದು ಸಲ ಓದಬೇಕೆಂದೂ ಕೇಳಿಕೊಂಡೆ. ಕುದುರೆಯ ಪ್ರಸಂಗವನ್ನು ಓದಿ ಅತ್ತವರಿಗೂ ಅದೇ ಕೋರಿಕೆ.